ಜೇನಿ ಉತ್ತರ ಕೊಡುವ ಜಾಗ

ಬೆಳಿಗ್ಗೆಯಿಂದ ಆ ಶಬ್ದ ಅವಳ ಗಂಟಲಿಗೆ ಬರುತ್ತಿಲ್ಲ. ಬಚ್ಚಲುಮನೆಯಲ್ಲಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು, ತುಟಿ ಮುಚ್ಚಿ, ಮೂಗಿನಿಂದ ಹೊರಡಿಸಿ ನೋಡಿದಳು. ಬಂದದ್ದು ಕಟ್ಟಿಹಾಕಿದ ಹಸುವಿನ ನರಳಾಟ. ಸ್ವಲ್ಪ ಮೇಲಿನಿಂದ ಹಿಡಿದರೆ ಹಾಡು ಬಾರದವರು ಶ್ರುತಿ ಹುಡುಕಿದ ಹಾಗಾಯಿತು. ಜೇನಿಯದು ಇದೂ ಅಲ್ಲ, ಅದೂ ಅಲ್ಲ. ಅದು ಎದೆಯಲ್ಲಿ ಶುರುವಾಗಿ ಮೂಗಿನ ಬುಡದಲ್ಲಿ ಎಲ್ಲೋ ನಡುಗುತ್ತಿತ್ತು. ಕೊನೆಗೆ ಮೇಲಕ್ಕೆ ಎದ್ದರೆ ಹೌದು, ಎರಡು ತುಂಡಾದರೆ ಬೇಡ, ಉದ್ದಕ್ಕೆ ಎಳೆದರೆ ಇನ್ನೂ ಹೇಳು. ಹೀಗೆ ಬಣ್ಣಿಸುವುದಕ್ಕೇನೋ ಬರುತ್ತದೆ, ಮಾಡುವುದಕ್ಕೆ ಬರುವುದಿಲ್ಲ. ಒಂದೇ ಕೋಣೆಯಲ್ಲಿ, ಒಂದೇ ಹೊದಿಕೆಯ ಎರಡು ತುದಿ ಎಳೆದಾಡಿಕೊಂಡು ಅರ್ಧ ಆಯಸ್ಸು ಜೊತೆಗೆ ಮಲಗಿದ, ಮಾತು ಬಾರದ ತಂಗಿ. ಹೋಗಿ ಎಷ್ಟು ಮಹಾ ಕಾಲವಾಯಿತು, ಅಮ್ಮನಿಗಿಂತ ಎರಡು ವರ್ಷ ಮೊದಲು. ಅವಳ ದನಿ ಕಿವಿಯಲ್ಲೇ ಇದೆ ಎಂದುಕೊಂಡಿದ್ದಳು. ಮನೆಯಲ್ಲಿ ಸೂಜಿ ಇದೆ ಎಂದುಕೊಂಡಿರುತ್ತೇವಲ್ಲ, ಹಾಗೆ. ಗುಂಡಿ ಕಿತ್ತುಹೋದ ದಿನ ಹುಡುಕಿದರೆ ಗೊತ್ತಾಗುತ್ತದೆ. ಬ್ರಷ್ಷನ್ನು ಲೋಟಕ್ಕೆ ಎಸೆದಳು. ಲೋಟ ಉರುಳಿ ಬ್ರಷ್ಷು ನೆಲಕ್ಕೆ ಬಿತ್ತು. ಎತ್ತಲಿಲ್ಲ. ಇವತ್ತು ಬಿದ್ದದ್ದು ಯಾವುದನ್ನೂ ಎತ್ತಿಡುವುದಿಲ್ಲ ಎಂದು ಹಟ ಬಂತು.

ನಿನ್ನೆ ಸಂಜೆಯವರೆಗೆ ಈ ಹುಡುಕಾಟವೇ ಇರಲಿಲ್ಲ. ಶಬ್ದ ಟೇಪಿನಲ್ಲಿದೆ ಎಂದು ಗೊತ್ತಿತ್ತು. ಅಪ್ಪನದು ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ, ಈಗ ಅಣ್ಣನದು. ಅಪ್ಪ ಹೊಸದೊಂದು ಮೈಕು ತಂದ ದಿನ ಅದನ್ನು ಪರೀಕ್ಷೆ ಮಾಡಲು ಅಡುಗೆಮನೆಯ ಮೇಜಿನ ಮೇಲಿಟ್ಟು ರೆಕಾರ್ಡು ಹಾಕಿ ಹೋಗಿದ್ದರು. ಅಮ್ಮ ಬಟಾಣಿ ಬಿಡಿಸುತ್ತ ಜೇನಿಗೆ ಆ ದಿನದ ಕತೆ ಹೇಳುತ್ತಿದ್ದಳು. ಅಮ್ಮ ಬಸ್‌ಸ್ಟ್ಯಾಂಡಿನಲ್ಲಿ ಅನೌನ್ಸ್ ಮಾಡುವ ಕೆಲಸದಲ್ಲಿದ್ದವಳು. ಯಾವ ಬಸ್ಸು ಯಾವ ಜಾಗದಿಂದ ಹೊರಡುತ್ತದೆ ಎಂದು ಇಡೀ ಊರಿಗೆ ಹೇಳಿ ಬಂದು, ಆಮೇಲೆ ಜೇನಿಯೊಬ್ಬಳಿಗೇ ಹೇಳಲು ಮನೆಯಲ್ಲಿ ಬೇರೆ ದನಿ ಇಟ್ಟುಕೊಂಡಿದ್ದಳು. ಸ್ಟ್ಯಾಂಡಿನಲ್ಲಿ ಹೇಳಿದ್ದನ್ನೆಲ್ಲ ಗಾಳಿ ತೆಗೆದುಕೊಂಡು ಹೋಯಿತು. ಉಳಿದದ್ದು ಆ ಒಂದು ಕ್ಯಾಸೆಟ್ಟು. ಅಮ್ಮ ಹೋಗಿ ವರ್ಷವಾಯಿತೆಂದು ಸ್ಟ್ಯಾಂಡಿನವರು ಇವತ್ತು ಸಂಜೆ ನೆನಪಿನ ಸಭೆ ಇಟ್ಟುಕೊಂಡಿದ್ದಾರೆ. ಅದರಲ್ಲಿ ಅಮ್ಮನ ದನಿ ಕೇಳಿಸೋಣ ಎಂದು ಅಣ್ಣ ಆ ಕ್ಯಾಸೆಟ್ಟನ್ನು ಹುಡುಕಿ ತೆಗೆದು, ಕಂಪ್ಯೂಟರಿಗೆ ಹಾಕಿ, ವಾರವೆಲ್ಲ ಕೂತು ತಿದ್ದಿದ. ಮೊದಲು ನೀನು ಕೇಳು ಎಂದು ಕರೆದ. ದೊಡ್ಡ ಹೆಡ್‌ಫೋನಿನ ಮೆತ್ತೆಗಳನ್ನು ತನ್ನ ಅಂಗಿಯ ತುದಿಯಿಂದ ಒರೆಸಿ, ಕೂದಲು ಸಿಕ್ಕಿಕೊಳ್ಳದ ಹಾಗೆ ತಾನೇ ಅವಳ ಕಿವಿಗೆ ಇಟ್ಟ. ಆ ಒರೆಸಿದ್ದೊಂದು ಇರದಿದ್ದರೆ ನಿನ್ನೆಯೇ ಅವನ ಮೇಲೆ ಕೈಗೆ ಸಿಕ್ಕಿದ್ದು ಎಸೆದು ಬರಬಹುದಿತ್ತು.

ಕಿವಿಯಲ್ಲಿ ಅಮ್ಮ ಮಾತಾಡಿದಳು. ತೊಳೆದು ಬೋರಲು ಹಾಕಿದ ಬಟ್ಟಲಿನಷ್ಟು ಸ್ವಚ್ಛ. ಬಟಾಣಿ ಪಾತ್ರೆಗೆ ಬೀಳುವ ಟಕಟಕ ಇಲ್ಲ. ಬೀದಿ ಇಲ್ಲ. ಅಡುಗೆಮನೆಯೇ ಇಲ್ಲ. "ಇವತ್ತು ಏನಾಯ್ತು ಗೊತ್ತಾ ನಿಂಗೆ?" ಎನ್ನುತ್ತಾಳೆ ಅಮ್ಮ; ಮುಂದೆ ಒಂದು ಗುಂಡಿ. ಏನೂ ಇಲ್ಲದ, ಬಿಳಿಯ ಗುಂಡಿ. "ಹೇಳ್ತೀನಿ ತಾಳು. ಒಬ್ಬ ಕೋಳಿ ಹಿಡ್ಕೊಂಡು ಬಂದ." ಮತ್ತೆ ಗುಂಡಿ. "ಹೂಂ, ಜೀವಂತ ಕೋಳಿ." ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು, ಒತ್ತಿದರೆ ಗುಂಡಿಯ ತಳದಿಂದ ಏನಾದರೂ ಏಳುತ್ತದೆಯೋ ಎಂದು.

"ಹೇಗಿದೆ?" ಎಂದ ಅಣ್ಣ. ಮುಖ ಅರಳಿತ್ತು.

"ಜೇನಿ ಎಲ್ಲಿ?"

"ಯಾವ ಜೇನಿ?"

ಆ ಎರಡು ಮಾತು. ಆಮೇಲೆ ಅವನು ಏನೇನೋ ಹೇಳಿದ, ಹಾಗಲ್ಲ ಕಣೇ ಎಂದ, ಟೇಪಿನಲ್ಲಿ ಅವಳಿದ್ದದ್ದು ನಂಗೆ ಹೊಳೀಲಿಲ್ಲ ಅಂತ ಅರ್ಥ ಎಂದ. ಅರ್ಥ ಯಾರಿಗೆ ಬೇಕು. ಯಾವ ಜೇನಿ ಎಂದವನ ಬಾಯಿ ಅದು.

"ಅಮ್ಮ ಒಬ್ಬಳೇ ಮಾತಾಡ್ತಿದ್ದಾಳೆ ಅಂದ್ಕೊಂಡ್ಯಾ? ಅವಳಿಗೇನು ಹುಚ್ಚು ಹಿಡಿದಿತ್ತಾ?"

"ಹಿಂದೆ ಗುಂಯ್ ಅಂತಿತ್ತು. ಕರೆಂಟಿನ ಗುಂಯ್. ಹಳೇ ಟೇಪಲ್ಲೆಲ್ಲ ಇರುತ್ತೆ. ಬಿಟ್ಟು ಬಿಟ್ಟು ಬರ್ತಿತ್ತು, ಅರ್ತಿಂಗ್ ಸಡಿಲ ಇರ್ಬೇಕು ಅಂತ..." ಅಲ್ಲಿಗೆ ಅವನ ದನಿಯೂ ಸಡಿಲವಾಯಿತು. ಕೈ ತಾನಾಗಿ ಬಾಯಿಗೆ ಹೋಯಿತು.

"ಟೇಪು ಕೊಡು."

"ಬೂಷ್ಟು ಹಿಡಿದಿತ್ತು. ಒಂದು ಸಲ ಓಡ್ತು, ಆಮೇಲೆ ಪುಡಿಪುಡಿ."

"ಕಂಪ್ಯೂಟರಿಗೆ ಹಾಕಿದ್ದು?"

"ಅದರ ಮೇಲೇ ಕೆಲಸ ಮಾಡ್ದೆ. ಬೇರೆ ಕಾಪಿ ಇಟ್ಟಿಲ್ಲ."

ಅಂಗಡಿಯ ಗೋಡೆಗೆ ವೈರಿನ ಸುರುಳಿಗಳನ್ನು ಅಳತೆಯ ಪ್ರಕಾರ ನೇತುಹಾಕಿದ್ದ. ಅಪ್ಪ ಕಲಿಸಿದ್ದು. ಗುಂಯ್ ಅಂದ್ರೆ ನಮ್ಮ ಮರ್ಯಾದೆ ಹೋಯ್ತು ಎಂಬುದೂ ಅಪ್ಪ ಕಲಿಸಿದ್ದೇ. ಮದುವೆ ಇರಲಿ, ಭಾಷಣ ಇರಲಿ, ಯಾರ ಗಂಟಲು ಹೇಗಾದರೂ ಇರಲಿ, ಅದರ ಹಿಂದೆ ಗುಂಯ್ ಎನ್ನಬಾರದು. ಸತ್ತವರ ದನಿ ಕೈಗೆ ಸಿಕ್ಕರೆ ಬೇರೆ ಯಾರಾದರೂ ಅದನ್ನು ಮುಟ್ಟಲು ಹೆದರುತ್ತಿದ್ದರು. ಇದ್ದ ಹಾಗೇ ಹಾಕಿ ಅಳುತ್ತ ಕೂರುತ್ತಿದ್ದರು. ಈ ಮನೆಯವನಾದ್ದರಿಂದ ಮೊದಲು ಗುಂಯ್ ತೆಗೆದ.

ಇವತ್ತು ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ನಡೆದು ಹೋಗುವಾಗ ಚೀಲದಲ್ಲಿದ್ದ ಸಭೆಯ ಕಾರ್ಡಿನ ಮೂಲೆ ಬೆರಳಿಗೆ ಚುಚ್ಚುತ್ತಿತ್ತು. 'ಒಬ್ಬ ಮಗ, ಒಬ್ಬ ಮಗಳನ್ನು ಅಗಲಿದ್ದಾರೆ' ಎಂದು ಅಚ್ಚಾಗಿದೆ. ಲೆಕ್ಕ ಸರಿಯೇ. ಬದುಕಿರುವವರನ್ನು ಮಾತ್ರ ಅಗಲಲು ಸಾಧ್ಯ. ಆದರೆ ಕಾರ್ಡು ಬಂದ ದಿನ ಇದನ್ನು ಕೇಳಿದ್ದಕ್ಕೆ ಅತ್ತಿಗೆ, "ಬಂದವರಿಗೆಲ್ಲ ಅವಳ ವಿಷಯ ವಿವರಿಸ್ತಾ ಕೂರೋಕಾಗುತ್ತಾ ಹೇಳು" ಎಂದಿದ್ದರು. ಅತ್ತಿಗೆ ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಜೇನಿಯ ಕೊನೆಯ ತಿಂಗಳುಗಳಲ್ಲಿ ಅವಳ ಉಗುರು ಕತ್ತರಿಸುತ್ತಿದ್ದವರು ಅತ್ತಿಗೆ. ಕೈ ಕೊಡು ಎಂದರೆ ಜೇನಿ ಕೊಡುತ್ತಿರಲಿಲ್ಲ. ಅತ್ತಿಗೆ ಬೆನ್ನಿನ ಮೇಲೆ ಕೆಳಗಿನಿಂದ ಮೇಲಕ್ಕೆ ಅಂಗೈಯಿಂದ ನೀವುತ್ತಿದ್ದರು, ಮೇಲಿನಿಂದ ಕೆಳಕ್ಕಲ್ಲ, ಹಾಗೆ ನೀವಿದರೆ ಮಾತ್ರ ಅವಳು ಸುಮ್ಮನಾಗುವುದೆಂದು ಕಂಡುಕೊಂಡು. ಉಗುರು ಕತ್ತರಿಸುವಾಗ ಜೇನಿ ಒಂದು ಶಬ್ದ ಮಾಡುತ್ತಿದ್ದಳು. ಅದು ಹೇಗಿತ್ತು? ರಸ್ತೆಯ ಮಧ್ಯೆ ನಿಂತು ಪ್ರಯತ್ನಿಸಿದಳು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ, ಸುತ್ತಿಹೋಗಿ, ತಿರುಗಿ ನೋಡಿದ. ನೋಡು, ಎಂದುಕೊಂಡಳು. ನೋಡಿಸಿಕೊಂಡು ಅಭ್ಯಾಸವಿದೆ ಈ ಮನೆಯವರಿಗೆ. ಜೇನಿಯನ್ನು ಕೈ ಹಿಡಿದು ಕರೆದೊಯ್ಯುವಾಗ ಬೀದಿಯ ಮಕ್ಕಳು ಜೀರುಂಡೆ ಬಂತು ಎನ್ನುತ್ತಿದ್ದವು. ಅದನ್ನೇ ಜೇನು ಮಾಡಿ ಜೇನಿ ಅಂದದ್ದು ಅಪ್ಪ. ಜೀವಮಾನವಿಡೀ ಗುಂಯ್ ಎನ್ನುವುದನ್ನು ಹುಡುಕಿ ಕೊಂದವನ ಮನೆಯಲ್ಲಿ ಗುಂಯ್ ಎನ್ನುವ ಮಗು ಹುಟ್ಟಿದಾಗ, ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ, ಅಪ್ಪ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದು ಬಂದು, "ನನ್ನ ವೈರಿ ನನ್ನ ಮನೇಲೇ ಹುಟ್ಟಿದ್ಲಲ್ಲಪ್ಪ" ಎಂದು ನಕ್ಕು ಮಗುವನ್ನು ಎತ್ತಿಕೊಂಡರಂತೆ. ಅಮ್ಮ ಹೇಳುತ್ತಿದ್ದಳು. ಹೇಳುವಾಗ ಹೊರಗೆ ನಿಂತ ಹೊತ್ತನ್ನು ಬಿಡುತ್ತಿರಲಿಲ್ಲ.

ಅಂಗಡಿಯಲ್ಲಿ ಅವಳ ಕೆಲಸ ಗಾಜನ್ನು ಚೌಕಟ್ಟಿಗೆ ತಕ್ಕ ಹಾಗೆ ಉಜ್ಜಿ ಕೂರಿಸುವುದು. ಸಾಣೆ ಯಂತ್ರಕ್ಕೆ ಅದರದೇ ಒಂದು ಗುನುಗಿದೆ. ನೀರು ತೊಟ್ಟಿಕ್ಕುತ್ತ ಚಕ್ರ ತಿರುಗುವಾಗ, ಗಾಜಿನ ಅಂಚನ್ನು ತಾಗಿಸುವ ಮುಂಚಿನ ಕ್ಷಣದಲ್ಲಿ, ಅದು ಜೇನಿಯ 'ಹೌದಿ'ಗೆ ಹತ್ತಿರವಿದೆ ಎನ್ನಿಸಿತು. ಅದರ ಜೊತೆಗೆ ಗಂಟಲು ಹೊಂದಿಸಿದಳು. ಹತ್ತಿರ ಬಂದ ಹಾಗಾಯಿತು, ಮೈ ಜುಮ್ಮೆಂದಿತು, ಗಾಜು ತಾಗಿತು, ಯಂತ್ರದ ದನಿ ಕಿರುಚಾಟಕ್ಕೆ ತಿರುಗಿತು, ಗಂಟಲಿಗೆ ಬಂದಿದ್ದುದೂ ಹೋಯಿತು. ಅಂಚು ಹೆಚ್ಚಾಗಿ ಸವೆದು ಗಾಜು ಚೌಕಟ್ಟಿನಲ್ಲಿ ಲೊಟಕ್ ಲೊಟಕ್ ಎಂದಿತು. ಅದನ್ನು ಬುಟ್ಟಿಗೆ ಹಾಕಿ ಹೊಸ ಗಾಜು ತೆಗೆದಳು. ಸಿಟ್ಟಿನಲ್ಲಿರುವವರು ಗಾಜಿನ ಕೆಲಸ ಮಾಡಬಾರದು. ಸಿಟ್ಟಿನಲ್ಲಿರುವವರು ಯಾವ ಕೆಲಸ ಮಾಡಬೇಕು ಎಂದು ಯಾರೂ ಹೇಳುವುದಿಲ್ಲ.

ಆ ಕನ್ನಡಕ ಒಬ್ಬ ಮುದುಕನದು. ಹಿಂದೆ ಬಸ್ಸು ಓಡಿಸುತ್ತಿದ್ದವನು. ಈಗಲೂ ಕುರ್ಚಿಯ ಮೇಲೆ ಸ್ಟೀರಿಂಗ್ ಹಿಡಿದವನ ಹಾಗೆ ಕೂರುತ್ತಾನೆ. ಅವಳ ಎದುರಿನ ಕನ್ನಡಿ ಧೂಳಾಗಿದ್ದುದನ್ನು ಕಂಡು, ಕೇಳದೆಯೇ, ತನ್ನ ಕರವಸ್ತ್ರದಿಂದ ಒರೆಸಿ ಇಟ್ಟ.

"ಸಂಜೆ ಸಭೆಗೆ ಬರ್ತೀನಮ್ಮ. ಅದಕ್ಕೇ ಕನ್ನಡಕ ಇವತ್ತೇ ಬೇಕಿತ್ತು. ನಿಮ್ಮ ತಾಯಿ ಫೋಟೋ ನೋಡ್ಬೇಕು. ಅವರ ಮುಖ ನೋಡೇ ಇಲ್ಲ ನಾನು, ಗೊತ್ತಾ? ಅಷ್ಟು ವರ್ಷ ಬರೀ ದನಿ. ಅವರು ಹೊರಡಿ ಅನ್ನೋವರೆಗೂ ನಾನು ಗೇರ್ ಹಾಕ್ತಿರ್ಲಿಲ್ಲ. ಮನೇಲಿ ಹೆಂಡತಿ ಹೇಳಿದ್ರೂ ಅಷ್ಟು ಕೇಳ್ತಿರ್ಲಿಲ್ಲ ಅನ್ನಿ."

ಅವಳು ಕನ್ನಡಕದ ಕಾಲುಗಳನ್ನು ಅವನ ಕಿವಿಯ ಹಿಂದಕ್ಕೆ ಸರಿಸಿದಳು. "ಬಿಗಿ ಆಯ್ತಾ?"

"ಸರಿಯಾಗಿದೆ. ಆ ಸ್ಪೀಕರು ಒಂದು ಮಾತ್ರ ದರಿದ್ರದ್ದು. ಅಷ್ಟು ಒಳ್ಳೇ ದನಿ, ಹಿಂದೆ ಯಾವಾಗ್ಲೂ ಗುಂಯ್ ಅಂತಿತ್ತು. ನಾವು ಡ್ರೈವರುಗಳೆಲ್ಲ ಆಡ್ಕೊಳ್ತಿದ್ವಿ, ಇದರೊಳಗೆ ದುಂಬಿ ಗೂಡು ಕಟ್ಟಿದೆ ಅಂತ. ಎಷ್ಟು ಸಲ ರಿಪೇರಿ ಮಾಡ್ಸಿದ್ರೂ ಅಷ್ಟೆ. ನಿಮ್ಮ ತಾಯಿ ರಿಟೈರ್ ಆದ್ಮೇಲೆ ಹೊಸದು ಹಾಕಿದ್ರು ನೋಡಿ, ಆಗ ನಿಂತ್ಹೋಯ್ತು."

ಅವಳ ಬೆರಳು ಅವನ ಕಿವಿಯ ಹಿಂದೆ ಹಾಗೇ ನಿಂತಿತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ದಿನ ಅಮ್ಮ ಜೇನಿಯನ್ನು ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದಳು; ಅಂಥ ದಿನಗಳೇ ಹೆಚ್ಚು. ಅನೌನ್ಸ್ ಮಾಡುವ ಗೂಡಿನಲ್ಲಿ ಮೇಜಿನ ಕೆಳಗೆ ಒಂದು ಚಾಪೆ ತುಂಡು ಹಾಸಿ ಕೂರಿಸುತ್ತಿದ್ದಳು. ಅದು ಅವಳಿಗೆ ಗೊತ್ತು, ಊಟದ ಡಬ್ಬಿ ಕೊಟ್ಟು ಬರಲು ಹೋಗುತ್ತಿದ್ದಳು. ಅಪ್ಪ ಸಂಜೆ ಬಂದು ಚಪ್ಪಲಿ ಬಿಡುತ್ತ ಅಮ್ಮನಿಗೆ ಹೇಳುತ್ತಿದ್ದ ಮಾತೂ ಗೊತ್ತು: "ಇವತ್ತು ಮತ್ತೆ ಕರೆಸಿದ್ರು. ನಿನ್ನ ಮಗಳನ್ನ ರಿಪೇರಿ ಮಾಡಿ ಬಂದೆ." ಇಬ್ಬರೂ ನಗುತ್ತಿದ್ದರು. ಅವಳೂ ನಕ್ಕಿರಬೇಕು, ಯಾಕೆಂದು ಕೇಳದೆ. ಮನೆಯಲ್ಲಿ ದೊಡ್ಡವರು ನಕ್ಕರೆ ಮಕ್ಕಳು ನಗುತ್ತವೆ. ಈಗ ಈ ಮುದುಕನ ಬಾಯಿಂದ ಅದರ ಇನ್ನೊಂದು ತುದಿ ಹೊರಬಂತು. ಸ್ಟ್ಯಾಂಡಿನವರು ಸ್ಪೀಕರು ಗುಂಯ್ ಎನ್ನುತ್ತದೆ ಎಂದು ಅಪ್ಪನನ್ನು ಕರೆಸುತ್ತಿದ್ದರು. ಅಪ್ಪ ಬಂದು, ಏಣಿ ಹಾಕಿ, ಏನೂ ಆಗಿರದ ಸ್ಪೀಕರನ್ನು ಬಿಚ್ಚಿ, ಧೂಳು ಊದಿ, ಮತ್ತೆ ಮುಚ್ಚಿ, ಹಳೇದು ಸಾರ್, ಹೀಗೇ ಅನ್ನುತ್ತೆ ಎಂದು ಹೇಳಿ ಹೋಗುತ್ತಿದ್ದರು. ಮೇಜಿನ ಕೆಳಗೆ ಮಗುವಿದೆ ಎಂದರೆ ಅಮ್ಮನ ಕೆಲಸ ಹೋಗುತ್ತಿತ್ತು. ಅದು ಕರುಣೆಯೇ, ಬುದ್ಧಿವಂತಿಕೆಯೇ, ಗಂಡ ಹೆಂಡತಿ ಸೇರಿ ಹೊಟ್ಟೆಪಾಡನ್ನೂ ಮಗಳನ್ನೂ ಕಾಪಾಡಿಕೊಂಡ ರೀತಿಯೇ. ಆದರೆ ಊರು ಅವಳನ್ನು ಕೇಳಿತ್ತು. ದಿನಾ ಕೇಳಿತ್ತು. ಮಾತು ಬಾರದ ಹುಡುಗಿಯ ದನಿಯನ್ನು ನೂರಾರು ಜನ ಬಸ್ಸು ಕಾಯುತ್ತ ಕೇಳಿ, ಸ್ಪೀಕರು ಕೆಟ್ಟಿದೆ ಎಂದುಕೊಂಡು ಹೋದರು. ಅಮ್ಮ ಒಂದು ಸಲವಾದರೂ, ರಿಟೈರ್ ಆದ ಮೇಲಾದರೂ, ಹೇಳಬಾರದಿತ್ತೇ?

"ಏನಮ್ಮ, ಇನ್ನೂ ಏನಾದ್ರೂ ಸರಿ ಮಾಡ್ಬೇಕಾ?" ಎಂದ ಮುದುಕ.

"ಇಲ್ಲ. ಸರಿ ಹೋಯ್ತು. ಹೋಗಿ ಬನ್ನಿ."

ಅದು ಸ್ಪೀಕರಲ್ಲ ಎಂದು ಅವಳೂ ಹೇಳಲಿಲ್ಲ. ಅವನು ಬಾಗಿಲು ದಾಟಿದ ಮೇಲೆ ಅದು ಹೊಳೆಯಿತು, ಸಾಣೆಯ ಚಕ್ರಕ್ಕೆ ಬೆರಳು ಕೊಟ್ಟ ಹಾಗೆ ಉರಿಯಿತು.

ಮಧ್ಯಾಹ್ನ ಬಿಡುವು ಕೇಳಿಕೊಂಡು ಅಣ್ಣನ ಅಂಗಡಿಗೆ ಹೋದಳು. ಅವನು ಸ್ಪೀಕರುಗಳನ್ನು ವ್ಯಾನಿಗೆ ಏರಿಸುತ್ತಿದ್ದ. ಬೆನ್ನು ಒದ್ದೆಯಾಗಿತ್ತು.

"ಆ ಟೇಪು ಹಾಕ್ಬೇಡ."

"ನಿನ್ನೆಯಿಂದ ನಾನೂ ಅದನ್ನೇ ಯೋಚನೆ ಮಾಡ್ತಿದೀನಿ. ಎಲ್ಲರಿಗೂ ಹೇಳಿಯಾಗಿದೆ. ಅಮ್ಮನ ದನಿ ಕೇಳ್ತೀವಿ ಅಂತಲೇ ಬರ್ತಿದಾರೆ. ಇರೋದು ಅದೊಂದೇ."

"ಅದು ಅಮ್ಮನ ದನಿ ಅಲ್ಲ. ಅಮ್ಮ ಯಾರಿಗೋ ಮಾತಾಡಿದ್ದು. ಆ ಯಾರನ್ನ ನೀನು ತೆಗೆದು ಬಿಸಾಕಿದೀಯ."

"ಬೇಕಂತ ಮಾಡ್ದೆನಾ? ನಿಂಗೆ ಅಷ್ಟು ಜ್ಞಾಪಕ ಇದ್ರೆ ನೀನೇ ಮಾಡಿ ತೋರ್ಸು, ರೆಕಾರ್ಡು ಹಾಕ್ಕೊಂಡು ಸೇರಿಸ್ತೀನಿ."

ಅವನು ಚುಚ್ಚಲೆಂದು ಹೇಳಿರಲಿಕ್ಕಿಲ್ಲ. ಕೆಲಸದವನ ಬುದ್ಧಿ, ಕೆಟ್ಟದ್ದಕ್ಕೆ ಒಂದು ದಾರಿ ಹುಡುಕುತ್ತದೆ. ಆದರೆ ಆ ಶಬ್ದ ಬರುವುದಿಲ್ಲ ಎಂದು ಇವನ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ನಾಲಗೆ ಕಚ್ಚಿಕೊಳ್ಳುವುದು ಮೇಲು. ಅದರ ಬದಲು ಡ್ರೈವರನ ಮಾತನ್ನು ಅವನ ಮುಖಕ್ಕೆ ಎಸೆದಳು. ಸ್ಟ್ಯಾಂಡಿನ ಸ್ಪೀಕರು, ಮೇಜಿನ ಕೆಳಗಿನ ಚಾಪೆ, ಅಪ್ಪನ ರಿಪೇರಿ, ಎಲ್ಲ. ಅವನು ಸ್ಪೀಕರನ್ನು ಅರ್ಧ ಎತ್ತಿದ್ದವನು ಹಾಗೇ ಕೆಳಗಿಟ್ಟ. ಅದರ ಜಾಲರಿಯ ಮೇಲೆ ಕೈ ಇಟ್ಟ.

"ಏಣಿ ನಾನು ಹಿಡೀತಿದ್ದೆ" ಎಂದ. "ಪ್ರತಿ ಸಲ. ಹಳೇ ಸ್ಪೀಕರು ಗುಂಯ್ ಅಂದ್ರೆ ಹೇಗಿರುತ್ತೆ ಕೇಳಿಸ್ಕೋ, ಕಿವಿ ಪಳಗಬೇಕು ಅಂತ ಅಪ್ಪ ಹೇಳ್ತಿದ್ರು. ನಾನು ಕಿವಿ ಕೊಟ್ಟು ಕೇಳಿಸ್ಕೊಳ್ತಿದ್ದೆ. ಅದನ್ನೇ ಕಲ್ತೆ."

"ಒಂದು ಸಲಾನೂ ಹೇಳ್ಲಿಲ್ವಾ?"

"ಹುಡುಗರ ಬಾಯಿ, ಎಲ್ಲಾದ್ರೂ ಆಡ್ಬಿಡ್ತಾನೆ ಅಂತಿರ್ಬೇಕು."

ಅವನ ಮುಖ ನೋಡಿ ಅವಳಿಗೆ ಕನಿಕರ ಬರಬೇಕಿತ್ತು. ಬರುವ ಸೂಚನೆ ಕಂಡಾಗ ತಿರುಗಿ ನಡೆದಳು. ಕನಿಕರ ಬಂದರೆ ಕೆಲಸ ಕೆಡುತ್ತದೆ. ಈ ಮನೆಯಲ್ಲಿ ಎಲ್ಲರೂ ಎಲ್ಲರ ಮೇಲೂ ಕನಿಕರಪಟ್ಟುಕೊಂಡೇ ಜೇನಿ ಸ್ಪೀಕರಾದಳು, ಕರೆಂಟಾದಳು, ಕಾರ್ಡಿನಲ್ಲಿ ಏನೂ ಆಗದೆ ಹೋದಳು.

ಸಭೆ ಬಸ್‌ಸ್ಟ್ಯಾಂಡಿನ ಮಹಡಿಯ ಕೋಣೆಯಲ್ಲಿ. ಕೆಳಗೆ ಬಸ್ಸು ಹಿಂದಕ್ಕೆ ಸರಿದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಮುಂದೆ ಅಮ್ಮನ ಫೋಟೋ, ಮೈಕಿನ ಮುಂದೆ ಕೂತು ಯಾರಿಗೋ ಸ್ವಲ್ಪ ತಾಳಿ ಎನ್ನುವಂತೆ ಕೈ ಎತ್ತಿದ್ದು. ಅದರಲ್ಲಿ ಮೇಜು ಅಡ್ಡಕ್ಕೆ ಕತ್ತರಿಸಿಹೋಗಿದೆ. ಮೇಜಿನ ಕೆಳಗೆ ಏನಿದೆ ಕಾಣುವುದಿಲ್ಲ. ಗೋಡೆಯ ಪಕ್ಕ ಅಣ್ಣನ ಮೇಜು, ಅದರ ಮೇಲೆ ಆಂಪ್ಲಿಫೈಯರಿನ ಪೆಟ್ಟಿಗೆ, ಕಂಪ್ಯೂಟರು. ಅವಳು ಹಿಂದಿನ ಸಾಲಿನಲ್ಲಿ ನಿಲ್ಲಬೇಕೆಂದು ಬಂದಿದ್ದಳು. ಅತ್ತಿಗೆ ಎರಡನೆಯ ಸಾಲಿನಲ್ಲಿ ಚೀಲ ಇಟ್ಟು ಜಾಗ ಹಿಡಿದಿದ್ದರು. ಕೂತ ತಕ್ಷಣ ಅಂಗೈಗೆ ಒಂದು ಪೆಪ್ಪರಮಿಂಟು ಒತ್ತಿದರು.

"ಬಾಯಲ್ಲಿಟ್ಕೋ. ಬಂದಾಗಿಂದ ಗಂಟಲು ಕೆರೀತಿದೀಯ."

ಇಟ್ಟುಕೊಂಡಳು. ಅದನ್ನೂ ಸಿಟ್ಟಿನಲ್ಲೇ ಚೀಪಿದಳು.

ಸ್ಟ್ಯಾಂಡಿನ ಅಧಿಕಾರಿ ಮಾತಾಡಿದರು. ಅವರು ಅಮ್ಮನ ಕಾಲದವರಲ್ಲ. ಆದರೂ ಅಮ್ಮನ ದನಿ ತಮಗೆ ದಾರಿದೀಪ ಎಂದರು. ಕಂಡಕ್ಟರಾಗಿದ್ದವಳೊಬ್ಬಳು, ತಾನು ಬಸುರಿಯಾಗಿದ್ದಾಗ ಅಮ್ಮ ಅನೌನ್ಸ್ ಮಾಡುವ ನಡುವೆ, ಇಂಥ ಬಸ್ಸಿನ ಕಂಡಕ್ಟರಿಗೆ ಯಾರಾದರೂ ಕೂರಲು ಜಾಗ ಬಿಡಿ ಎಂದು ಮೈಕಿನಲ್ಲೇ ಹೇಳಿದ್ದನ್ನು ನೆನೆದು ಕಣ್ಣೊರೆಸಿಕೊಂಡಳು. ಅದು ನಿಜವಿರಬೇಕು. ಅಮ್ಮ ಅಂಥವಳೇ. ಎಲ್ಲರಿಗೂ ಜಾಗ ಬಿಡಿಸಿ ಕೊಟ್ಟವಳು. ಪೆಪ್ಪರಮಿಂಟು ಹಲ್ಲಿಗೆ ಕಟಕ್ ಎಂದಿತು. ಎದುರಿನ ಸಾಲಿನಲ್ಲಿ ಮುದಿ ಡ್ರೈವರು ಹೊಸ ಕನ್ನಡಕದಿಂದ ಫೋಟೋವನ್ನು ಕಣ್ಣು ಕಿರಿದು ಮಾಡಿ, ದೊಡ್ಡದು ಮಾಡಿ, ದಣಿವಿಲ್ಲದೆ ನೋಡುತ್ತಿದ್ದ.

ಆಮೇಲೆ ಅಣ್ಣ ಟೇಪು ಹಾಕಿದ.

"ಇವತ್ತು ಏನಾಯ್ತು ಗೊತ್ತಾ ನಿಂಗೆ?"

ಕೋಣೆಯ ತುಂಬ ಅಮ್ಮ. ಯಾರೋ ಉಸಿರು ಎಳೆದುಕೊಂಡರು. ಗುಂಡಿ ಬಂತು, ಆ ಖಾಲಿ ಜಾಗದಲ್ಲಿ ಕೆಳಗಿನಿಂದ ಒಂದು ಬಸ್ಸಿನ ಹಾರ್ನು ಕೇಳಿಸಿತು. "ಹೇಳ್ತೀನಿ ತಾಳು. ಒಬ್ಬ ಕೋಳಿ ಹಿಡ್ಕೊಂಡು ಬಂದ." ಖಾಲಿ. "ಹೂಂ, ಜೀವಂತ ಕೋಳಿ. ಅದಕ್ಕೂ ಟಿಕೆಟ್ ಬೇಕಾ ಅಂತ ನನ್ನ ಕೇಳ್ತಾನೆ." ಜನ ನಕ್ಕರು. "ನಗ್ತೀಯಾ? ನಗು ನಗು" ಎಂದಳು ಅಮ್ಮ. ಜನ ಇನ್ನೂ ಜೋರಾಗಿ ನಕ್ಕರು. ಪಕ್ಕದಲ್ಲಿದ್ದ ಹೆಂಗಸು ಅತ್ತಿಗೆಯ ಕಡೆ ಬಾಗಿ, "ನಮ್ಮ ಜೊತೇಲೇ ಮಾತಾಡ್ತಿರೋ ಹಾಗಿದೆ ಅಲ್ವಾ" ಎಂದಳು. ನಿಮ್ಮ ಜೊತೆಯಲ್ಲ. ನಿಮ್ಮ ಜೊತೆ ದಿನವೆಲ್ಲ ಮಾತಾಡಿ ಬಂದು ಸಾಕಾಗಿ ಕೂತಿದ್ದಾಳೆ. ಇದು ಒಬ್ಬಳಿಗೆ ಇಟ್ಟದ್ದು. ಅವಳ ತಟ್ಟೆಯಲ್ಲಿದ್ದುದನ್ನು ನೀವೆಲ್ಲ ಕೈ ಹಾಕಿ ತಿನ್ನುತ್ತಿದ್ದೀರಿ. ಅವಳಿಗೆ ಎದೆಯ ನಡುವೆ ಏನೋ ಗಟ್ಟಿಯಾಗಿ ಕೂತಿತು, ಅಲ್ಲಿಂದ ಮೂಗಿನ ಬುಡಕ್ಕೆ ಬಿಸಿ ಏರಿತು. ಅಮ್ಮ ಕೋಳಿಯವನನ್ನು ಬಸ್ಸು ಹತ್ತಿಸಿ, ಕೋಳಿ ತಪ್ಪಿಸಿಕೊಂಡು ಡ್ರೈವರನ ಸೀಟಿನ ಮೇಲೆ ಹೋಗಿ ಕೂತ ವಿಷಯ ಹೇಳಿ ಮುಗಿಸಿ, ಕೇಳಿದಳು:

"ಸಾಕಾ? ಇನ್ನೂ ಹೇಳ್ಲಾ?"

ಶಬ್ದ ಬಂತು. ಅವಳು ಮಾಡಲಿಲ್ಲ, ಅಮ್ಮ ಕೇಳಿದಳು, ಅದು ಬಂತು. ಎದೆಯಿಂದ ಎದ್ದು, ಮೂಗಿನ ಬುಡದಲ್ಲಿ ನಡುಗಿ, ಉದ್ದಕ್ಕೆ, ಇನ್ನೂ ಉದ್ದಕ್ಕೆ. ಬೆಳಿಗ್ಗೆಯಿಂದ ಅದನ್ನು ದುಃಖದಲ್ಲಿ ಹುಡುಕಿದ್ದಳು, ಮೆತ್ತಗೆ, ಸತ್ತವರನ್ನು ನೆನೆಯುವ ಹಾಗೆ. ಜೇನಿ ಎಂದೂ ಮೆತ್ತಗಿರಲಿಲ್ಲ. ಇನ್ನೂ ಹೇಳು ಎನ್ನುವುದು ಅವಳ ಬಾಯಲ್ಲಿ ಬೇಡಿಕೆಯಾಗಿರಲಿಲ್ಲ, ತಗಾದೆಯಾಗಿತ್ತು. ಮೇಜು ಗುದ್ದಿ ಕೇಳುತ್ತಿದ್ದಳು. ಪೆಪ್ಪರಮಿಂಟನ್ನು ಕೆನ್ನೆಗೆ ತಳ್ಳಿಕೊಂಡು ಉಸಿರು ಮುಗಿಯುವವರೆಗೂ ಎಳೆದಳು. "ಸರಿ ಸರಿ, ಹೇಳ್ತೀನಿ, ಮೇಜು ಬಿಡು" ಎಂದಳು ಸ್ಪೀಕರಿನಿಂದ ಅಮ್ಮ, ಸರಿಯಾದ ಹೊತ್ತಿಗೆ.

ಜನ ನಗಲಿಲ್ಲ. ತಲೆಗಳು ಅತ್ತಿತ್ತ ತಿರುಗಿದವು, ಅವಳ ಕಡೆಗಲ್ಲ, ಗೋಡೆಯ ಸ್ಪೀಕರುಗಳ ಕಡೆಗೆ. ಅಧಿಕಾರಿ ಅಣ್ಣನಿಗೆ ಕೈಸನ್ನೆ ಮಾಡಿ, "ಸ್ವಲ್ಪ ನೋಡಪ್ಪ, ಗುಂಯ್ ಅಂತಿದೆ" ಎಂದರು. ಮುದಿ ಡ್ರೈವರು ಕನ್ನಡಕ ತೆಗೆದು ಕಿವಿ ಮುಂದೆ ಮಾಡಿದ. "ಅರೆ. ಇದು ನಮ್ಮ ಹಳೇ ಸ್ಪೀಕರಿನ ಶಬ್ದ ಕಣ್ರೀ. ಥೇಟ್ ಅದೇ. ಇಷ್ಟು ದಿನ ಆದ್ಮೇಲೆ ಕೇಳ್ತಿದೀನಿ."

ಥೇಟ್ ಅದೇ. ಅತ್ತಿಗೆಯ ಅಂಗೈ ಅವಳ ಬೆನ್ನಿನ ಮೇಲೆ ಬಂದು, ಕೆಳಗಿನಿಂದ ಮೇಲಕ್ಕೆ ನೀವಿತು. ಸುಮ್ಮನಿರಿಸಲೋ, ಬೇರೆ ಯಾತಕ್ಕೋ. ಅವಳು ಅಣ್ಣನನ್ನೇ ನೋಡುತ್ತಿದ್ದಳು. ಅವನು ಟೇಪು ನಿಲ್ಲಿಸಿದ್ದ. ಶಬ್ದ ಎಲ್ಲಿಂದ ಬಂತೆಂದು ಆ ಕೋಣೆಯಲ್ಲಿ ಅತ್ತಿಗೆಯನ್ನು ಬಿಟ್ಟರೆ ಅವನೊಬ್ಬನಿಗೆ ಗೊತ್ತಿತ್ತು, ಕಿವಿ ಅಷ್ಟು ಪಳಗಿದೆ. ಅವನ ಕೈ ಪೆಟ್ಟಿಗೆಯ ಹಿಂದಿನ ವೈರಿಗೆ ಹೋಯಿತು. ಎರಡು ಬೆರಳು ಜೋಡಿಕೆಯ ಮೇಲೆ ಕೂತವು, ಅಪ್ಪನ ಬೆರಳುಗಳ ಹಾಗೆಯೇ. ಒಂದು ಸಲ ಅಲ್ಲಾಡಿಸಿ, ಸಾರಿ ಸಾರ್, ಸಡಿಲ ಇತ್ತು ಎಂದರೆ ಸಾಕು. ಎಲ್ಲರೂ ಹಿಂದಕ್ಕೆ ಒರಗಿ ಕೂರುತ್ತಾರೆ. ಅವಳ ಮಾನವೂ ಉಳಿಯುತ್ತದೆ. ಅದು ದಯೆಯೇ. ಅಲ್ಲಾಡಿಸು ನೋಡೋಣ, ಎಂದುಕೊಂಡಳು. ಒಂದು ಸಲ ಅಲ್ಲಾಡಿಸು, ಇನ್ನು ನಿನ್ನ ಹೊಸಿಲು ತುಳಿದರೆ ಕೇಳು.

ಅವನು ಕೈ ತೆಗೆದ. ಭಾಷಣದವರಿಗೆಂದು ಇಟ್ಟಿದ್ದ ಮೈಕನ್ನು ಎತ್ತಿಕೊಂಡ. ಹುಟ್ಟಿದಾಗಿನಿಂದ ಬೇರೆಯವರ ಕೈಗೆ ಮೈಕು ಕೊಟ್ಟವನು. ತಾನು ಅದರಲ್ಲಿ ಆಡಿದ್ದು ಪರೀಕ್ಷೆಯ ಮಾತು ಮಾತ್ರ. ಈಗಲೂ ಮೊದಲು ಅದೇ ಬಂತು.

"ಹಲೋ. ಹಲೋ, ಹಲೋ." ಗಂಟಲು ಸರಿಮಾಡಿಕೊಂಡ. "ಸ್ಪೀಕರ್ ಸರಿಯಾಗಿದೆ ಸಾರ್. ಆಗ್ಲೂ ಸರಿಯಾಗೇ ಇತ್ತು. ಯಜಮಾನ್ರೇ, ನೀವು ಕೇಳ್ತಿದ್ದದ್ದು ನಮ್ಮ ಕಿರೀ ತಂಗಿನ. ಅಮ್ಮನ ಮೇಜಿನ ಕೆಳಗೆ ಕೂತಿರ್ತಿದ್ಲು. ಅವಳಿಗೆ ಮಾತು ಬರ್ತಿರ್ಲಿ..." ನಿಲ್ಲಿಸಿದ. ಬೇರೆ ಮಾತು ಹುಡುಕಿದ. "ಅವಳು ಹಾಗೆ ಮಾತಾಡ್ತಿದ್ಲು. ಟೇಪಲ್ಲೂ ಇದ್ಲು. ನಾನು ತೆಗೆದ್ಬಿಟ್ಟೆ."

ಡ್ರೈವರು ನಿಧಾನವಾಗಿ ತಿರುಗಿದ. ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದ, ಆಮೇಲೆ ಫೋಟೋವನ್ನು, ಕತ್ತರಿಸಿಹೋದ ಮೇಜಿನ ಅಂಚನ್ನು. "ದುಂಬಿ ಅಂತಿದ್ವಲ್ಲಮ್ಮ ನಾವು" ಎಂದ.

"ಮೊದಲಿಂದ ಹಾಕ್ತೀನಿ" ಎಂದ ಅಣ್ಣ, ಮೈಕು ಬಿಟ್ಟು, ಬರೀ ಬಾಯಲ್ಲಿ, ಎರಡನೆಯ ಸಾಲಿಗೆ ಮಾತ್ರ. ಅದು ಪ್ರಶ್ನೆಯಾಗಿತ್ತು. ಅವಳು ಪೆಪ್ಪರಮಿಂಟನ್ನು ಬಾಯಿಂದ ತೆಗೆದು ಅತ್ತಿಗೆಯ ಅಂಗೈಗೆ ಹಾಕಿದಳು. ಜೇನಿ ಹಾಕುತ್ತಿದ್ದ ಹಾಗೆಯೇ, ಕೇಳದೆ. ಅತ್ತಿಗೆ ಕೈ ಮುಚ್ಚಿಕೊಂಡರು. ಸಿಟ್ಟು ಇಳಿದಿರಲಿಲ್ಲ. ಇಳಿಯುವುದು ಬೇಕಾಗಿಯೂ ಇರಲಿಲ್ಲ; ಅದು ಕೂತಿದ್ದ ಜಾಗದಿಂದಲೇ ಶಬ್ದ ಹೊರಡುತ್ತಿತ್ತು.

"ಇವತ್ತು ಏನಾಯ್ತು ಗೊತ್ತಾ ನಿಂಗೆ?" ಎಂದಳು ಅಮ್ಮ.

ಅವಳು ಬೆನ್ನು ನೆಟ್ಟಗೆ ಮಾಡಿ, ಅಂಗೈಯನ್ನು ಮುಂದಿನ ಕುರ್ಚಿಯ ಬೆನ್ನಿಗೆ ಒಮ್ಮೆ ಬಲವಾಗಿ ಬಡಿದು, ಉತ್ತರ ಕೊಟ್ಟಳು.